ಕಾಫಿ ಒಣಗುವ ಕಡೆ ಪ್ಯಾನೆಲ್

ಸೋಲಾರ್ ಬಗ್ಗೆ ನನ್ನನ್ನು ಕೇಳುವ ಕೊಡಗಿನವರಲ್ಲಿ ಎರಡು ಥರ. ಹಾಕಿಸುವುದೆಂದು ಆಗಲೇ ತೀರ್ಮಾನಿಸಿ ‘ಯಾವ ಕಂಪನಿಯದು ಒಳ್ಳೇದು’ ಎಂದಷ್ಟೇ ಕೇಳುವವರು ಒಂದು ಕಡೆ. ‘ಅರ್ಧ ವರ್ಷ ಕೊಡೆ ಹಿಡಿದುಕೊಂಡೇ ಓಡಾಡುವ ಊರಲ್ಲಿ ಅದೆಂಥ ಸೋಲಾರ್ ಮಾರಾಯ್ರೇ’ ಎಂದು ನಗುವವರು ಇನ್ನೊಂದು ಕಡೆ. ಇಬ್ಬರಿಗೂ ನನ್ನ ಮೊದಲ ಪ್ರಶ್ನೆ ಒಂದೇ: ನಿಮ್ಮ ಕಾಫಿ ಒಣಗುವುದು ಎಲ್ಲಿ?

ತಮಾಷೆಗೆ ಕೇಳುತ್ತಿಲ್ಲ. ಇಡೀ ತೋಟದಲ್ಲಿ ಬಿಸಿಲಿನ ಲೆಕ್ಕ ನೋಡಿಯೇ ಆರಿಸಿದ ಜಾಗ ಅಂತ ಇರುವುದು ಕಣ ಒಂದೇ. ಡಿಸೆಂಬರಿನಲ್ಲಿ ಅರೇಬಿಕಾ ಬಂದಾಗಿನಿಂದ ಮಾರ್ಚಿನಲ್ಲಿ ರೊಬಸ್ಟಾ ಮುಗಿಯುವ ತನಕ ಎಲ್ಲಿ ಬೇಗ ಬಿಸಿಲು ಬೀಳುತ್ತದೆ, ಎಲ್ಲಿ ಸಂಜೆ ತಡವಾಗಿ ನೆರಳಾಗುತ್ತದೆ ಎಂದು ವರ್ಷಗಟ್ಟಲೆ ನೋಡಿ ನಮ್ಮ ಹಿರಿಯರು ಆ ಜಾಗ ಸಮ ಮಾಡಿದರು. ಮನೆ ಕಟ್ಟಿದ್ದು ಬೇರೆ ಲೆಕ್ಕದಲ್ಲಿ. ಗಾಳಿಗೆ ಮರೆ ಬೇಕು, ಬಾವಿ ಹತ್ತಿರ ಇರಬೇಕು, ಗದ್ದೆ ಕಾಣಬೇಕು, ಹಿಂದುಗಡೆ ಒಂದು ಹಲಸು, ಪಕ್ಕದಲ್ಲಿ ಎರಡು ಮಾವು ಇರಬೇಕು. ಹೀಗಾಗಿ ನಮ್ಮಲ್ಲಿ ಎಷ್ಟೋ ಒಳ್ಳೆಯ ಮನೆಗಳ ಮಾಡು ಬೆಳಿಗ್ಗೆ ಹತ್ತರವರೆಗೂ ಒದ್ದೆಯಾಗಿರುತ್ತದೆ. ಸೋಲಾರ್ ಮಾರುವವರು ಮೈಸೂರಿನಿಂದ ಬಂದು ನೇರವಾಗಿ ಆ ಮಾಡನ್ನೇ ಅಳೆಯಲು ಶುರುಮಾಡುತ್ತಾರೆ. ಬಯಲುಸೀಮೆಯಲ್ಲಿ ಅದು ಸರಿ, ಅಲ್ಲಿ ಮನೆಯ ತಾರಸಿಯೇ ಊರಿನ ಬಿಸಿಲು ಜಾಗ. ಇಲ್ಲಿ ಕಣದ ಪಕ್ಕದ ಗೋದಾಮಿನ ಮಾಡನ್ನು ಮೊದಲು ನೋಡಬೇಕು.

ಸೂರ್ಯನ ದಾರಿ ಸ್ವಲ್ಪ ತಿಳಿದಿದ್ದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಆಸುಪಾಸಿನಲ್ಲೊಮ್ಮೆ, ಆಗಸ್ಟ್ ಮೂರನೇ ವಾರದ ಹೊತ್ತಿಗೊಮ್ಮೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಇವೆರಡರ ನಡುವಿನ ನಾಲ್ಕು ತಿಂಗಳು ಮಧ್ಯಾಹ್ನ ಅವನಿರುವುದು ಉತ್ತರದ ಕಡೆ. ಆದರೆ ಆ ನಾಲ್ಕು ತಿಂಗಳಲ್ಲಿ ಅವನ ಮುಖ ನೋಡಿದವರು ಯಾರಿದ್ದಾರೆ? ಜೂನ್‌ನಿಂದ ಆಚೆಗೆ ಮೋಡ, ಜಡಿಮಳೆಯ ಕಕ್ಕಡ ಮಾಸದಲ್ಲಂತೂ ಹಗಲೂ ದೀಪ. ನಮಗೆ ನಿಜವಾಗಿ ಬಿಸಿಲು ಸಿಗುವುದು ಮಳೆಗಾಲ ಮುಗಿದು ಕಾವೇರಿ ಸಂಕ್ರಮಣ ಕಳೆದ ಮೇಲೆ, ಏಪ್ರಿಲ್‌ವರೆಗೆ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನಕ್ಕೂ ಅವನ ಎತ್ತರ 54 ಡಿಗ್ರಿ ಮಾತ್ರ. ಆದ್ದರಿಂದ ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿರಬೇಕು. ಅಕ್ಷಾಂಶದಷ್ಟೇ ಓರೆ ಕೊಡಿ ಎನ್ನುವುದು ಪುಸ್ತಕದ ಲೆಕ್ಕ, ಅಂದರೆ ಹನ್ನೆರಡು ಡಿಗ್ರಿ. ನನ್ನ ಕೇಳಿದರೆ ಕೊಡಗಿನಲ್ಲಿ ಹದಿನೈದರಿಂದ ಇಪ್ಪತ್ತು ಇರಲಿ. ಚಳಿಗಾಲದ ಬಿಸಿಲು ಚೆನ್ನಾಗಿ ಸಿಗುತ್ತದೆ, ಮಳೆನೀರು ರಭಸವಾಗಿ ಹರಿದು ಪಾಚಿ, ಎಲೆ, ಹಕ್ಕಿ ಹಿಕ್ಕೆ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮಲ್ಲಿ ಪ್ಯಾನೆಲ್ ಹಾಳುಮಾಡುವುದು ಧೂಳಿಗಿಂತ ಹೆಚ್ಚಾಗಿ ಪಾಚಿ. ಕೆಳ ಅಂಚಿನ ಚೌಕಟ್ಟಿನಲ್ಲಿ ಹಸಿರು ಗೆರೆಯಂತೆ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ.

ಮಾಡು ದಕ್ಷಿಣಕ್ಕಿಲ್ಲ, ಪಶ್ಚಿಮಕ್ಕಿದೆ ಎಂದು ಕೆಲವರಿಗೆ ಚಿಂತೆ. ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸಮಭಾಜಕಕ್ಕೆ ಇಷ್ಟು ಹತ್ತಿರ ಇರುವ ನಮಗೆ ದಿಕ್ಕಿನಿಂದ ಆಗುವ ನಷ್ಟ ಯುರೋಪಿನವರಿಗೆ ಆಗುವಷ್ಟು ಇಲ್ಲ. ಕಣಿವೆಯಲ್ಲಿ ಮನೆಯಿದ್ದು ಜನವರಿಯಲ್ಲಿ ಒಂಬತ್ತರವರೆಗೂ ಮಂಜು ಕೂತಿರುತ್ತದಾದರೆ ನೈಋತ್ಯದ ಮಾಡೇ ವಾಸಿ. ಕಡಿದಾದ ಉತ್ತರದ ಇಳಿಜಾರು ಮಾತ್ರ ಬೇಡ.

ದಿಕ್ಕಿಗಿಂತ ದೊಡ್ಡ ಶತ್ರು ನೆರಳು. ಪ್ಯಾನೆಲ್ಲುಗಳನ್ನು ಒಂದಕ್ಕೊಂದು ಸರಣಿಯಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೆ ಸಾಲಿನಲ್ಲಿದ್ದ ಉಳಿದವೂ ಹಿಂದೆ ಬೀಳುತ್ತವೆ. ಮಾಂದಲಪಟ್ಟಿ ರಸ್ತೆಯಲ್ಲಿ ಮುಂದಿನ ಜೀಪು ಕೆಟ್ಟು ನಿಂತರೆ ಹಿಂದಿನವೆಲ್ಲ ಹಾರ್ನ್ ಹೊಡೆಯುತ್ತಾ ನಿಲ್ಲುವ ಹಾಗೆ. ಪ್ಯಾನೆಲ್ಲಿನೊಳಗೆ ಬೈಪಾಸ್ ಡಯೋಡ್ ಎಂಬ ಸಣ್ಣ ಪಕ್ಕದಾರಿ ಇಟ್ಟಿರುತ್ತಾರೆ, ಪ್ರತಿ ಪ್ಯಾನೆಲ್ಲಿಗೂ ಬೇರೆ ಬೇರೆ ಮೈಕ್ರೋ ಇನ್ವರ್ಟರ್ ಹಾಕುವ ಪದ್ಧತಿಯೂ ಇದೆ. ಎರಡರಿಂದಲೂ ನಷ್ಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೈಕ್ರೋ ಇನ್ವರ್ಟರಿಗೆ ದುಡ್ಡೂ ಜಾಸ್ತಿ.

ನಮ್ಮ ನೆರಳಿನ ಮೂಲ ಸಿಲ್ವರ್ ಮರ. ಮೆಣಸು ಹಬ್ಬಿಸಿದ ಅರವತ್ತು ಅಡಿಯ ಒಂದು ಸಿಲ್ವರನ್ನು ತೆಗೆದುಕೊಳ್ಳಿ. ಸಮತಟ್ಟು ನೆಲದಲ್ಲಿ ಅದರ ನೆರಳು ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸುಮಾರು 110 ಅಡಿ ಚಾಚುತ್ತದೆ. ಮಧ್ಯಾಹ್ನ ಉತ್ತರದ ಕಡೆಗೆ 43 ಅಡಿ. ಮೂರು ಗಂಟೆಗೆ ಮತ್ತೆ 75 ಅಡಿ ದಾಟುತ್ತದೆ. ಅಂದರೆ ಮಾಡಿನ ದಕ್ಷಿಣಕ್ಕೆ ಐವತ್ತು ಅಡಿಯೊಳಗೆ ಎತ್ತರದ ಮರ ಇದ್ದರೆ ಆ ಮಾಡು ಪ್ಯಾನೆಲ್ಲಿಗೆ ಯೋಗ್ಯವಲ್ಲ. ಮರ ಉತ್ತರಕ್ಕಿದ್ದರೆ ಪರವಾಗಿಲ್ಲ. ಇದನ್ನು ತಿಳಿಯಲು ಮೊಬೈಲ್ ಆ್ಯಪ್ ಏನೂ ಬೇಡ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳು ಮನೆಗೆ ಬಂದಾಗ ಒಂಬತ್ತಕ್ಕೆ, ಹನ್ನೆರಡೂವರೆಗೆ, ಮೂರಕ್ಕೆ ಮಾಡಿನ ಫೋಟೋ ತೆಗೆಯಲು ಹೇಳಿ. ಮೂರು ಫೋಟೋದಲ್ಲೂ ಬಿಸಿಲಿರುವ ಭಾಗ ಎಷ್ಟೋ ಅಷ್ಟೇ ನಿಮ್ಮ ಜಾಗ. ಆಗಸ್ಟಿನಲ್ಲಿ ಬಂದು ಅಳೆದು ಹೋದವರ ನಕ್ಷೆ ನಂಬಬೇಡಿ. ಹಾಗೆಂದು ಮರ ಕಡಿಯಲು ಹೊರಡುವುದೂ ಬೇಡ. ಹೇಗೂ ಮರಗಸಿ ಮಾಡಿಸುತ್ತೀರಲ್ಲ, ಆಗ ಆ ದಿಕ್ಕಿನ ಎರಡು ಕೊಂಬೆ ಹೆಚ್ಚಿಗೆ ತೆಗೆಸಿದರೆ ಸಾಕಾಗುವ ಕಡೆಗಳೇ ಜಾಸ್ತಿ.

ನಾಪೋಕ್ಲು ಹತ್ತಿರ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಈ ಚರ್ಚೆ ನಡೆದಾಗ ನಾನಿದ್ದೆ. ಹಳೆಯ ಮಂಗಳೂರು ಹಂಚಿನ ಮನೆ. ಕೆಲಸದ ಹುಡುಗ ಏಣಿ ಹತ್ತಿ ಎರಡು ಹಂಚು ಸರಿಸಿ ಒಳಗೆ ಕೈಹಾಕಿದ. ಪ್ಯಾನೆಲ್ ಹೊರುವ ಕೊಕ್ಕೆಯನ್ನು ಹಂಚಿಗೆ ಬಿಗಿಯುವುದಿಲ್ಲ, ಅದರಡಿಯ ಪಕಾಸಿಗೆ ಬಿಗಿಯುತ್ತಾರೆ. ಕೊಕ್ಕೆಯ ಕತ್ತು ಹೊರಬರುವ ಕಡೆ ಮೇಲಿನ ಹಂಚಿನ ಅಂಚನ್ನು ಗ್ರೈಂಡರಿನಲ್ಲಿ ಬೆರಳಗಲ ಸವೆಸಬೇಕು. ಇಲ್ಲದಿದ್ದರೆ ಹಂಚು ಎದ್ದು ನಿಂತು ಗಾಳಿಮಳೆಗೆ ನೀರು ಒಳಗೆ ಹೊಡೆಯುತ್ತದೆ. ಹುಡುಗ ಸ್ಕ್ರೂಡ್ರೈವರಿನಿಂದ ಪಕಾಸನ್ನು ಚುಚ್ಚಿದ. ಮೊದಲನೆಯದರಲ್ಲಿ ಇಳಿಯಲಿಲ್ಲ. ಎರಡನೆಯದರಲ್ಲಿ ಬೆಣ್ಣೆಗಿಳಿದಂತೆ ಇಳಿಯಿತು, ಪುಡಿ ಉದುರಿತು.

“ಗೆದ್ದಲು” ಎಂದ ಮೇಲಿನಿಂದ.

“ಹಾಗಾದ್ರೆ ಮನೆ ಮೇಲೆ ಬೇಡ ಅಂತೀಯಾ?” ಚಿಕ್ಕಪ್ಪ ನನ್ನ ಕಡೆ ತಿರುಗಿದರು.

“ಮಾಡು ರಿಪೇರಿ ಮಾಡ್ಸಿ ಹಾಕ್ಬಹುದು ಚಿಕ್ಕಪ್ಪ. ಆದ್ರೆ ಆ ಖರ್ಚಲ್ಲಿ ಗೋದಾಮಿನ ಶೀಟಿನ ಮೇಲೆ ಹಾಕಿ ಇನ್ನೂ ದುಡ್ಡು ಉಳಿಯುತ್ತೆ.”

“ಬರೋರಿಗೆ ಕಾಣೋದೇ ಇಲ್ವಲ್ಲೋ!”

ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಸೋಲಾರಿನಲ್ಲಿ ಸ್ವಲ್ಪ ಪ್ರತಿಷ್ಠೆಯೂ ಸೇರಿಕೊಂಡಿದೆ, ಇಲ್ಲವೆಂದರೆ ಸುಳ್ಳು. ಕೊನೆಗೆ ಪ್ಯಾನೆಲ್ಲು ಗೋದಾಮಿನ ಮೇಲೆಯೇ ಕೂತವು.

ತೂಕದ ಭಯ ಬೇಡ. ಒಂದು ದೊಡ್ಡ ಪ್ಯಾನೆಲ್ ಇಪ್ಪತ್ತೆಂಟು ಕಿಲೋ ಆಸುಪಾಸು, ಹರಡಿಕೊಂಡು ಕೂತಾಗ ಅದು ಹಂಚಿನ ತೂಕದ ಮುಂದೆ ಏನೂ ಅಲ್ಲ. ಭಯ ಇರಬೇಕಾದದ್ದು ಗಾಳಿಗೆ. ಜೂನ್, ಜುಲೈನ ಗಾಳಿ ಪ್ಯಾನೆಲ್ಲಿನ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ನಮ್ಮಲ್ಲಿ ಆರ್‌ಸಿಸಿ ಮನೆ ಕಟ್ಟಿದವರೂ ಸೋರುವುದಕ್ಕೆ ಹೆದರಿ ಮೇಲೊಂದು ಶೀಟಿನ ಮಾಡು ಹಾಕಿಸುತ್ತಾರಲ್ಲ, ಅದರ ಕಂಬಿಗಳನ್ನು ಊರಿನ ವೆಲ್ಡಿಂಗ್‌ನವರು ಬರಿಯ ಶೀಟು ಹೊರುವುದಕ್ಕೆಂದೇ ಮಾಡಿರುತ್ತಾರೆ. ಅದರ ಮೇಲೆ ಪ್ಯಾನೆಲ್ ಬಿಗಿಯುವ ಮುಂಚೆ ಕಂಬಿ ತಾರಸಿಗೆ ಹೇಗೆ ಕೂತಿದೆ ಎಂದು ನೋಡಲೇಬೇಕು. ಸ್ಕ್ರೂ ಶೀಟಿಗೆ ಮಾತ್ರ ಕಚ್ಚಿದ್ದರೆ ಸಾಲದು, ಅಡಿಯ ಕಬ್ಬಿಣದ ಪಟ್ಟಿಗೆ ಕಚ್ಚಬೇಕು, ನಡುವೆ ರಬ್ಬರ್ ವಾಷರ್ ಇರಬೇಕು. ಏಪ್ರಿಲ್, ಮೇನಲ್ಲಿ ಗುಡುಗು ಸಿಡಿಲಿನ ನಮ್ಮ ಊರಿನಲ್ಲಿ ಅರ್ತಿಂಗ್ ಮತ್ತು ಸಿಡಿಲು ನಿರೋಧಕದಲ್ಲಿ ದುಡ್ಡು ಉಳಿಸಲು ಹೋಗುವುದು ಬುದ್ಧಿವಂತಿಕೆಯಲ್ಲ.

ಹಾಗಾದರೆ ನೆಲದ ಮೇಲೇ ಏಕೆ ಹಾಕಬಾರದು? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನಿಂತಿರುವುದು ನೆಲದ ಮೇಲೆಯೇ. ಅಲ್ಲಿ ಮಳೆ ಇಲ್ಲ, ಮರ ಇಲ್ಲ, ಮುಖ್ಯವಾಗಿ ಆನೆ ಇಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಹಲಸಿನ ಕಾಲದಲ್ಲಿ ತೋಟದೊಳಗೆ ನೆಲದ ಮೇಲೆ ಪ್ಯಾನೆಲ್ ನಿಲ್ಲಿಸಿದರೆ ಅದು ಎಷ್ಟು ದಿನ ನಿಲ್ಲುತ್ತದೆ ಎನ್ನುವುದು ಆನೆಗೆ ಬಿಟ್ಟದ್ದು. ಅಂದಹಾಗೆ, ‘ಆನೆಬೇಲಿಯ ಆ ಪುಟ್ಟ ಪ್ಯಾನೆಲ್ಲೇ ಅಷ್ಟು ಶಾಕ್ ಕೊಡುತ್ತೆ, ಮನೆಗೆ ಅಂಥವು ನಾಲ್ಕು ಸಾಕಲ್ವಾ’ ಎಂದು ಕೇಳುವವರಿದ್ದಾರೆ. ಬೇಲಿಯ ಯಂತ್ರ ಸೆಕೆಂಡಿನ ತೀರಾ ಸಣ್ಣ ಪಾಲಿನಷ್ಟು ಹೊತ್ತು ಸಾವಿರಾರು ವೋಲ್ಟಿನ ಹೊಡೆತ ಕೊಟ್ಟು ಸುಮ್ಮನಾಗುತ್ತದೆ. ವೋಲ್ಟ್ ಜಾಸ್ತಿ, ಒಟ್ಟು ಶಕ್ತಿ ತೀರಾ ಕಡಿಮೆ. ಆ ಪ್ಯಾನೆಲ್ಲಿನಲ್ಲಿ ಮಿಕ್ಸಿಯೂ ತಿರುಗದು.

ಇನ್ನು ಎಷ್ಟು ಕರೆಂಟು ಹುಟ್ಟುತ್ತದೆ ಎಂಬ ಮಾತು. ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಎಂದು ಎಲ್ಲ ಮಾರಾಟಗಾರರೂ ಹೇಳುತ್ತಾರೆ. ಅದು ಬಯಲುಸೀಮೆಯ ಸರಾಸರಿ. ಭಾಗಮಂಡಲದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವಾಗ ಅದೇ ಜಿಲ್ಲೆಯ ಕುಶಾಲನಗರದಲ್ಲಿ ಅದರ ಕಾಲು ಭಾಗ ಬಿದ್ದರೆ ಹೆಚ್ಚು. ಕುಶಾಲನಗರ, ಶನಿವಾರಸಂತೆ ಕಡೆಯವರು ನಾಲ್ಕರ ಹತ್ತಿರದ ಲೆಕ್ಕ ಹಿಡಿಯಬಹುದು. ಪಶ್ಚಿಮದ ಬೆಟ್ಟಸಾಲಿನವರು ಮೂರು, ಮೂರೂಕಾಲು ಎಂದು ಹಿಡಿದು ಅದರ ಮೇಲೆ ಬಂದದ್ದನ್ನು ಲಾಭ ಎಂದುಕೊಳ್ಳಿ. ಕಕ್ಕಡದ ಜಡಿಮಳೆಯ ದಿನ ಒಂದು, ಒಂದೂವರೆ ಯೂನಿಟ್ ಬಂದರೆ ದೊಡ್ಡದು. ಆದರೆ ಕೊಡಗಿಗೆ ಒಂದು ಅನುಕೂಲ ಇದೆ, ಅದನ್ನು ಮಾರುವವರೂ ಹೇಳುವುದಿಲ್ಲ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. 25 ಡಿಗ್ರಿಗಿಂತ ಕಾದಂತೆಲ್ಲ ಪ್ರತಿ ಡಿಗ್ರಿಗೂ ಅದರ ಶಕ್ತಿ ಶೇಕಡ 0.35ರಷ್ಟು ಇಳಿಯುತ್ತದೆ. ಕಲಬುರಗಿಯ ತಾರಸಿಯಲ್ಲಿ ಮೇ ಮಧ್ಯಾಹ್ನ ಪ್ಯಾನೆಲ್ಲು 65 ಡಿಗ್ರಿಗೆ ಕಾದು ಏಳನೇ ಒಂದು ಪಾಲು ಕಳೆದುಕೊಂಡರೆ, ಮಡಿಕೇರಿಯ ಜನವರಿಯ ನೀಲಿ ಆಕಾಶದಡಿ ತಂಗಾಳಿಯಲ್ಲಿ ಕೂತ ಪ್ಯಾನೆಲ್ಲು ಅದಕ್ಕಿಂತ ಚೆನ್ನಾಗಿ ದುಡಿಯುತ್ತದೆ.

ಈಗ ಬಹಳ ಜನರಿಗೆ ಕಹಿಯಾಗುವ ಒಂದು ವಿಷಯ. ನಮ್ಮವರಿಗೆ ಸೋಲಾರ್ ಬೇಕಾಗಿರುವುದು ಬಿಲ್ ಉಳಿಸಲು ಎನ್ನುವುದಕ್ಕಿಂತ ಮಳೆಗಾಲದಲ್ಲಿ ಕರೆಂಟು ಹೋದಾಗ ದೀಪ ಉರಿಯಲಿ ಎಂದು. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲು ನಮಗೆ ಹೊಸದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಊರಿಗೆ ಊರೇ ಕತ್ತಲಲ್ಲಿ ಕೂತಿತ್ತು. ಆದರೆ ಸರ್ಕಾರದ ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಆನ್‌ಗ್ರಿಡ್ ಸೋಲಾರ್ ಕರೆಂಟು ಹೋದ ಕ್ಷಣವೇ ತಾನೂ ಬಂದ್ ಆಗುತ್ತದೆ. ಮಾಡಿನ ಮೇಲೆ ರಣಬಿಸಿಲು ಇದ್ದರೂ ಅಷ್ಟೇ. ಅದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಲೈನ್ ಸತ್ತಿದೆ ಎಂದು ಲೈನ್‌ಮನ್ ಕಂಬ ಹತ್ತಿರುವಾಗ ನಿಮ್ಮ ಮನೆಯಿಂದ ಕರೆಂಟು ಹಿಂದಕ್ಕೆ ಹರಿದರೆ ಅವನ ಪ್ರಾಣ ಹೋಗುತ್ತದೆ. ಕತ್ತಲಿಗೆ ಉತ್ತರ ಬೇಕಾದರೆ ಬ್ಯಾಟರಿ ಬೇಕು, ಹೈಬ್ರಿಡ್ ಇನ್ವರ್ಟರ್ ಬೇಕು. ಸಬ್ಸಿಡಿ ಲೆಕ್ಕ ಹಾಕುವುದು ಪ್ಯಾನೆಲ್ಲಿನ ಕಿಲೋವ್ಯಾಟಿನ ಮೇಲೆ. ಬ್ಯಾಟರಿಯ ದುಡ್ಡು ನಿಮ್ಮ ಜೇಬಿನದೇ.

ಆದ್ದರಿಂದ ದುಡ್ಡಿನ ಲೆಕ್ಕ ಶುರುವಾಗಬೇಕಾದದ್ದು ಬ್ಯಾಂಕಿನಲ್ಲಲ್ಲ, ನಿಮ್ಮ ಕರೆಂಟು ಬಿಲ್ಲಿನಲ್ಲಿ. ಮನೆಗಳಿಗೆ ಉಚಿತ ಕರೆಂಟು ಕೊಡುವ ರಾಜ್ಯದ ಗೃಹಜ್ಯೋತಿಯಡಿ 2023ರ ಆಗಸ್ಟ್ ಬಿಲ್ಲಿನಿಂದ ನಿಮಗೆ ಸೊನ್ನೆ ಬರುತ್ತಿದ್ದರೆ ಬಿಲ್ ಉಳಿಸಲೆಂದು ಒಂದೂವರೆ ಎರಡು ಲಕ್ಷ ಹಾಕುವುದರಲ್ಲಿ ಅರ್ಥವಿಲ್ಲ. ಇಲ್ಲದ ಬಿಲ್ಲನ್ನು ಉಳಿಸುವುದು ಹೇಗೆ? ಈ ಮಾತು ಹೇಳಿದರೆ ಸೋಲಾರ್ ವ್ಯಾಪಾರಿಗಳು ನನ್ನ ಮೇಲೆ ಸಿಟ್ಟಾಗುತ್ತಾರೆ. ಆದರೂ ಕರ್ನಾಟಕದಲ್ಲಿ ಮನೆ ಸೋಲಾರಿನ ಮೊದಲ ಪ್ರಶ್ನೆ ಇದೇ. ಇಂಥ ಮನೆಗಳಿಗೆ ನಾನು ಹೇಳುವುದು ಸಣ್ಣ ವ್ಯವಸ್ಥೆ. ಬಹುತೇಕ ಮನೆಗಳಲ್ಲಿ ಆಗಲೇ ಒಂದು ಇನ್ವರ್ಟರ್, ಒಂದು ಬ್ಯಾಟರಿ ಇದೆ. ಅದೇ ಬ್ಯಾಟರಿಗೆ ಬಿಸಿಲಿನಿಂದ ಚಾರ್ಜ್ ಆಗುವಂತೆ ಒಂದೋ ಎರಡೋ ಪ್ಯಾನೆಲ್ ಮತ್ತು ಚಾರ್ಜ್ ಕಂಟ್ರೋಲರ್ ಸೇರಿಸಬಹುದು. ಬ್ಯಾಟರಿಯ ವೋಲ್ಟೇಜಿಗೆ ಹೊಂದುವ ಪ್ಯಾನೆಲ್ ಆಗಿರಬೇಕು, ಅಷ್ಟು ನೋಡಿಕೊಳ್ಳಿ. ಒಂಬತ್ತು ವ್ಯಾಟಿನ ಐದು ಎಲ್‌ಇಡಿ ಬಲ್ಬು ಸಂಜೆ ಐದು ಗಂಟೆ ಹೊತ್ತು, ವೈಫೈ ಡಬ್ಬ ಇಡೀ ದಿನ, ಮೂರು ಮೊಬೈಲು: ಎಲ್ಲ ಕೂಡಿದರೆ ಅರ್ಧ ಯೂನಿಟ್. ಐನೂರು ವ್ಯಾಟಿನಷ್ಟು ಪ್ಯಾನೆಲ್ ಇದ್ದರೆ ಮಳೆಗಾಲದ ಮಂಕು ದಿನದಲ್ಲೂ ಹೆಚ್ಚುಕಡಿಮೆ ಅಷ್ಟನ್ನು ಕೂಡಿಸಿಕೊಡುತ್ತದೆ. ಫ್ರಿಜ್ಜು, ಗೀಸರ್ ಅದಕ್ಕೆ ತಗಲಿಸಲು ಹೋದರೆ ಮಾತ್ರ ಅರ್ಧ ರಾತ್ರಿಗೆ ಕತ್ತಲು.

ಗೀಸರ್ ಅಂದ ಕೂಡಲೇ ಇನ್ನೊಂದು ನೆನಪಾಯಿತು. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ ಅರವತ್ತು ಯೂನಿಟ್. ನಿಮ್ಮ ಗೃಹಜ್ಯೋತಿಯ ಮಿತಿಯನ್ನು 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಗೊತ್ತುಮಾಡಿರುತ್ತಾರೆ. ಅದನ್ನು ಮೀರಿದಷ್ಟಕ್ಕೆ ದುಡ್ಡು ಕೊಡಬೇಕು, ಇನ್ನೂರು ಯೂನಿಟ್ ದಾಟಿದರಂತೂ ಪೂರ್ತಿ ಬಿಲ್ಲು. ಈ ಗಡಿಯ ಮೇಲೆ ಓಲಾಡುವ ಮನೆಗಳಿಗೆ ಪ್ಯಾನೆಲ್ಲಿಗಿಂತ ಸೋಲಾರ್ ವಾಟರ್ ಹೀಟರೇ ಮೊದಲ ಖರೀದಿಯಾಗಬೇಕು. ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಅದು ಕಾಯಿಸುತ್ತದೆ. ಮಳೆಗಾಲಕ್ಕೆ ಕಾಫಿ ಕಸಿಯ ಸೌದೆ, ಹಂಡೆ ಒಲೆ ಇದ್ದೇ ಇವೆ.

ಗೃಹಜ್ಯೋತಿಯ ಆಚೆ ಇರುವವರು, ತಿಂಗಳಿಗೆ 250, 300 ಯೂನಿಟ್ ಉರಿಸಿ ಪೂರ್ತಿ ಬಿಲ್ ಕಟ್ಟುವವರು, ಆನ್‌ಗ್ರಿಡ್ ಯೋಚಿಸಬೇಕಾದವರು. ಅವರಿಗೆ 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಇದೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಮಿತಿ 78,000. ಮೂರರ ಮೇಲೆ ಎಷ್ಟು ಹಾಕಿದರೂ ಅಷ್ಟೇ. ಸಬ್ಸಿಡಿ ಬೇಕಾದರೆ ದೇಶದಲ್ಲೇ ತಯಾರಾದ ಸೆಲ್ಲಿನ ಪ್ಯಾನೆಲ್ ಇರಬೇಕು, ಯೋಜನೆಯಲ್ಲಿ ನೋಂದಾಯಿಸಿದ ಮಾರಾಟಗಾರರ ಕೈಯಲ್ಲೇ ಹಾಕಿಸಬೇಕು. ದುಡ್ಡು ಮೀಟರು ಕೂತ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ, ಮೊದಲು ಪೂರ್ತಿ ಹೊಂದಿಸಿಕೊಳ್ಳಬೇಕಾದವರು ನೀವೇ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸುವವರಿಗೆ ಇದನ್ನು ನೆನಪಿಸಿ.

‘ಸಬ್ಸಿಡಿ ಮೂರರ ತನಕ ಇದೆಯಲ್ಲ, ಮೂರೇ ಹಾಕಿಸೋಣ’ ಎನ್ನುವುದು ಸಹಜ. ನಾನು ಒಪ್ಪುವುದಿಲ್ಲ. ಅಂದಾಜು ಲೆಕ್ಕ ನೋಡಿ. ಎರಡು ಕಿಲೋವ್ಯಾಟಿಗೆ ಒಂದು ಲಕ್ಷ ನಲವತ್ತು ಸಾವಿರ ಖರ್ಚು ಎಂದಿಟ್ಟುಕೊಳ್ಳೋಣ, ಸಬ್ಸಿಡಿ ಕಳೆದು ಎಂಬತ್ತು ಸಾವಿರ. ಕೊಡಗಿನ ಬಿಸಿಲಿಗೆ ವರ್ಷಕ್ಕೆ 2,300ರಿಂದ 2,500 ಯೂನಿಟ್ ಹುಟ್ಟಬಹುದು. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸಿನ ದರದಲ್ಲಿ ಹದಿನಾಲ್ಕು ಸಾವಿರದ ಸುತ್ತಮುತ್ತ. ಆರು ವರ್ಷದಲ್ಲಿ ದುಡ್ಡು ವಾಪಸ್. ಮೂರನೇ ಕಿಲೋವ್ಯಾಟಿಗೆ ಸಬ್ಸಿಡಿ ಕಡಿಮೆ, ಹುಟ್ಟಿದ ಕರೆಂಟು ಬೇಸಿಗೆಯಲ್ಲಿ ನಿಮ್ಮ ಬಳಕೆ ಮೀರಿ ಲೈನಿಗೆ ಹೋಗುತ್ತದೆ. ನಮ್ಮ ವಿದ್ಯುತ್ ಕಂಪನಿ ಸೆಸ್ಕ್ ನಿಮ್ಮಿಂದ ಕೊಳ್ಳುವ ದರ ನಿಮಗೆ ಮಾರುವ ದರಕ್ಕಿಂತ ಎಷ್ಟೋ ಕಡಿಮೆ, ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಹೆಚ್ಚುವರಿ ಯೂನಿಟ್ಟಿನ ದರದ ಸಾಲನ್ನು ಓದಿ, ಉಳಿದದ್ದು ಓದದಿದ್ದರೂ ನಡೆಯುತ್ತದೆ. ನಮ್ಮಂಥ ಊರಿನಲ್ಲಿ ಬಿಸಿಲಿನ ತಿಂಗಳ ಬಳಕೆಗೆ ಸರಿಯಾಗಿ ಅಳೆದು ಸಣ್ಣದು ಹಾಕುವವನೇ ಗೆಲ್ಲುತ್ತಾನೆ.

ಸಾಲದ ಬಗ್ಗೆ. ಈ ಯೋಜನೆಯಲ್ಲಿ ಅಡಮಾನವಿಲ್ಲದೆ, ರೆಪೊ ದರಕ್ಕೆ ಅರ್ಧ ಶೇಕಡ ಸೇರಿಸಿದ ಬಡ್ಡಿಗೆ ಬ್ಯಾಂಕ್ ಸಾಲ ಸಿಗುತ್ತದೆ. ಚಿನ್ನದ ಸಾಲಕ್ಕಿಂತ ಅಗ್ಗ. ತೊಂದರೆ ಇರುವುದು ಕಂತಿನಲ್ಲಿ. ಬ್ಯಾಂಕು ತಿಂಗಳಿಗೊಮ್ಮೆ ಕೇಳುತ್ತದೆ, ಬೆಳೆಗಾರನ ಕೈಗೆ ದುಡ್ಡು ಬರುವುದು ಕಾಫಿ ಕೊಟ್ಟ ಮೇಲೆ, ವರ್ಷಕ್ಕೊಮ್ಮೆ. 1995ರಲ್ಲಿ ಹರೀಶ್ ಹಂದೆ ಶುರುಮಾಡಿದ ಸೆಲ್ಕೋ ಸಂಸ್ಥೆ ಕರಾವಳಿ, ಮಲೆನಾಡಿನ ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸಿದ್ದು ಪ್ಯಾನೆಲ್ಲಿನ ಬೆಲೆ ಇಳಿಸಿ ಅಲ್ಲ. ಯಾರಿಗೆ ಯಾವಾಗ ದುಡ್ಡು ಬರುತ್ತದೋ ಆಗ ಕಂತು ಕಟ್ಟಿಸಿಕೊಳ್ಳಲು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ತಂದದ್ದು ಈ ಕೆಲಸವೇ. ನೀವೂ ಕೇಳಿ ನೋಡಿ, ಕಾಫಿ ಸಾಲದಂತೆ ವರ್ಷದ ಕಂತು ಆಗುತ್ತದಾ ಎಂದು. ಆಗದಿದ್ದರೆ ಉದ್ದ ಅವಧಿ ಹಾಕಿಸಿ ತಿಂಗಳ ಕಂತು ಸಣ್ಣದು ಮಾಡಿಕೊಳ್ಳಿ, ಕಾಫಿ ಮಾರಿದಾಗ ಅಸಲಿಗೆ ಒಂದಿಷ್ಟು ಒಟ್ಟಿಗೆ ಕಟ್ಟಿ. ವ್ಯಾಪಾರಕ್ಕಲ್ಲದೆ ವ್ಯಕ್ತಿಗಳು ಪಡೆದ ಚರ ಬಡ್ಡಿಯ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ತೋಟದ ಪಂಪಿಗೆ ಸೋಲಾರ್ ಕೇಳುವವರಿಗೆ ಎರಡೇ ಮಾತು. ಪಿಎಂ ಕುಸುಮ್ ಯೋಜನೆಯಲ್ಲಿ ನಮ್ಮ ರಾಜ್ಯದಲ್ಲಿ ಕೇಂದ್ರದ್ದು ಶೇ 30, ರಾಜ್ಯದ್ದು 50, ರೈತನದು 20. ಕೇಳಲು ಬಹಳ ಚೆಂದ. ಟ್ಯಾಂಕಿಗೆ ನೀರೆತ್ತಲು, ಅಡಿಕೆಗೆ, ಮೆಣಸಿನ ಹನಿ ನೀರಾವರಿಗೆ ಅದು ಸರಿಹೋಗುತ್ತದೆ. ಆದರೆ ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಗೆ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾರಿಸುತ್ತೇವಲ್ಲ, ಆ ಒತ್ತಡಕ್ಕೆ ಐದು, ಏಳೂವರೆ ಎಚ್‌ಪಿಯ ಸೋಲಾರ್ ಪಂಪು ಸಾಲುವುದಿಲ್ಲ. ಡೀಸೆಲ್ ಎಂಜಿನ್ ಮಾರಿಬಿಡಬೇಡಿ.

ಇಷ್ಟೆಲ್ಲ ಸರಿಯಾದ ಮೇಲೂ ಕೊಡಗಿನಲ್ಲಿ ಅರ್ಜಿ ನಿಂತುಹೋಗುವುದು ಬಿಸಿಲಿಗೂ ಅಲ್ಲ, ದುಡ್ಡಿಗೂ ಅಲ್ಲ, ಹೆಸರಿಗೆ. ಒಕ್ಕದ (ಕುಟುಂಬದ) ಮನೆ, ಅಜ್ಜನ ಕಾಲದ ಸಂಪರ್ಕ, ಆರ್‌ಆರ್ ನಂಬರು ತೀರಿಕೊಂಡವರ ಹೆಸರಿನಲ್ಲಿ. ಬಿಲ್ ಕಟ್ಟುವಾಗ ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಬದಲಾಯಿಸಿಯೂ ಇರುವುದಿಲ್ಲ. ಸಬ್ಸಿಡಿಗೆ ಬಿಲ್ಲಿನ ಹೆಸರು, ಆಧಾರ್, ಬ್ಯಾಂಕ್ ಖಾತೆ ಮೂರೂ ಒಂದಾಗಿರಬೇಕು. ಹೆಸರು ಬದಲಾಯಿಸಲು ಹೋದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಬೆಂಗಳೂರಿನಲ್ಲೊಬ್ಬ, ದುಬೈನಲ್ಲೊಬ್ಬ ಇರುವ ಅಣ್ಣತಮ್ಮಂದಿರ ಒಪ್ಪಿಗೆ. ಗೋದಾಮಿಗೆ ಬೇರೆಯೇ ಮೀಟರಿದ್ದರೆ ಇನ್ನೊಂದು ತೊಡಕು. ಸೂರ್ಯಘರ್ ಇರುವುದು ಮನೆ ಸಂಪರ್ಕಕ್ಕೆ, ಆದ್ದರಿಂದ ಪ್ಯಾನೆಲ್ಲು ಗೋದಾಮಿನ ಮೇಲೆ ಕೂತರೂ ಮನೆಯ ಆರ್‌ಆರ್ ನಂಬರಿಗೇ ಸೇರಬೇಕು. ಎರಡೂ ಒಂದೇ ಆವರಣದಲ್ಲಿವೆಯೇ, ಮನೆಯ ಮೀಟರಿಗೆ ಕೇಬಲ್ ಎಳೆಯಲು ಎಷ್ಟು ದೂರ ಎಂಬುದನ್ನು ಸೆಸ್ಕ್ ಸೆಕ್ಷನ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ದೂರ ಹೆಚ್ಚಿದಂತೆ ತಂತಿಯ ಖರ್ಚೂ ಜಾಸ್ತಿ, ದಾರಿಯಲ್ಲಿ ಸೋರುವ ಕರೆಂಟೂ ಜಾಸ್ತಿ. ಸೂರ್ಯಘರ್ ಯೋಜನೆ 2026-27ರ ಆರ್ಥಿಕ ವರ್ಷದವರೆಗೆ ಎಂದು ಸದ್ಯಕ್ಕೆ ಇದೆ. ಮಳೆಗಾಲದಲ್ಲಿ ಹೇಗೂ ಮಾಡಿನ ಮೇಲೆ ಹತ್ತುವಂತಿಲ್ಲ. ಆ ತಿಂಗಳುಗಳಲ್ಲಿ ಹೆಸರು ಬದಲಾವಣೆಯ ಕಾಗದ ಓಡಾಡಿಸಿ ಮುಗಿಸಿಕೊಂಡರೆ, ಕಾವೇರಿ ಸಂಕ್ರಮಣ ಕಳೆದು ಮಾಡು ಒಣಗುವ ಹೊತ್ತಿಗೆ ಕೆಲಸದವರನ್ನು ಕರೆಸಬಹುದು. ಹೇಗೂ ಕೈಯಲ್ಲಿ ಪತ್ರಿಕೆ ಇದೆ, ಕನ್ನಡಕವೂ ಮೂಗಿನ ಮೇಲಿದೆ. ಎದ್ದು ಹೋಗಿ ಕಳೆದ ತಿಂಗಳ ಬಿಲ್ಲು ತೆಗೆದು ಅದರಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿ ಬನ್ನಿ.